ಚೀಟಿ ಬರೆಯುವ ಕೈ

ಎಚ್‌ಐವಿ ಬರುವ ಮೊದಲೇ ಅದನ್ನು ತಡೆಯುವ ಮಾತ್ರೆಯೊಂದಿದೆ ಎಂದರೆ ಊರಿನಲ್ಲಿ ಈಗಲೂ ಹಲವರು ನಂಬುವುದಿಲ್ಲ. "ಇದ್ದಿದ್ದರೆ ನಮಗೆ ಯಾರಾದರೂ ಹೇಳುತ್ತಿರಲಿಲ್ಲವೇ?" ಎನ್ನುತ್ತಾರೆ. ಇದೆ. ಟೆನೊಫೊವಿರ್, ಎಮ್‌ಟ್ರಿಸಿಟಬಿನ್ ಎಂಬ ಎರಡು ಔಷಧಿಗಳು ಸೇರಿದ ಒಂದು ಮಾತ್ರೆ. ಎಚ್‌ಐವಿ ಇಲ್ಲದ, ಆದರೆ ತಗಲುವ ಸಂಭವವಿರುವ ಜನ ದಿನಕ್ಕೊಂದರಂತೆ ನುಂಗಬೇಕು. ಡಾಕ್ಟರರು ಇದನ್ನು ಪ್ರೆಪ್ ಎನ್ನುತ್ತಾರೆ. 2012ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅಪಾಯ ಹೆಚ್ಚಿರುವ ಯಾರಿಗೇ ಆದರೂ ಕೊಡಿ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ತಪ್ಪದೆ ನುಂಗಿದರೆ ಲೈಂಗಿಕ ಸಂಪರ್ಕದಿಂದ ಎಚ್‌ಐವಿ ತಗಲುವ ಸಂಭವ ಶೇಕಡಾ 99ರಷ್ಟು ಕಡಿಮೆಯಾಗುತ್ತದೆ. ಶುರು ಮಾಡುವ ಮೊದಲು ಎಚ್‌ಐವಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ಕಿಡ್ನಿ ಹೇಗಿದೆ ನೋಡಬೇಕು, ಮೂರು ತಿಂಗಳಿಗೊಮ್ಮೆ ಮತ್ತೆ ರಕ್ತಪರೀಕ್ಷೆ ಮಾಡಿಸಬೇಕು. ವೈದ್ಯಶಾಸ್ತ್ರದ ಮಟ್ಟಿಗೆ ಕಷ್ಟದ್ದೇನೂ ಇಲ್ಲ. ಡಾಕ್ಟರರಿಗೆ ಅರ್ಧ ದಿನದಲ್ಲಿ ಕಲಿಸಿ ಮುಗಿಸಬಹುದು.

ಆದರೆ ಮುಗಿಯುವುದಿಲ್ಲ. ಮುಂಬಯಿಯ ಉಪನಗರಗಳ ಡಾಕ್ಟರರಿಗೆ ಇದನ್ನು ಹೇಳಿಕೊಡುವ ತರಬೇತಿಗಳಿಗೆ ನಾನು ಹೋಗುತ್ತಿರುತ್ತೇನೆ. ಔಷಧಿಯ ಪ್ರಮಾಣ, ಪರೀಕ್ಷೆ ಎಲ್ಲ ಊಟಕ್ಕೆ ಮೊದಲೇ ಆಗಿಹೋಗಿರುತ್ತದೆ. ಊಟವಾದ ಮೇಲೆ ಯಾರಾದರೊಬ್ಬರು, ಹೆಚ್ಚಾಗಿ ಹಿರಿಯರೇ, ಕೈ ಎತ್ತುತ್ತಾರೆ. "ಅಲ್ಲ ಸಾರ್, ಇದನ್ನು ಬರೆದುಕೊಟ್ಟರೆ ಅವನಿಗೆ ಲೈಸೆನ್ಸ್ ಕೊಟ್ಟ ಹಾಗಲ್ಲವಾ?"

ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ. ಮಾತ್ರೆ ನುಂಗುವವರಲ್ಲಿ ಕೆಲವರು ಕಾಂಡೋಮ್ ಬಿಟ್ಟುಬಿಡುತ್ತಾರೆ, ನಿಜ. ಸಿಫಿಲಿಸ್, ಗೊನೊರಿಯಾಗಳನ್ನು ಈ ಮಾತ್ರೆ ತಡೆಯುವುದಿಲ್ಲ, ಅದೂ ನಿಜ. ಆದರೆ ಇವು ಅವನನ್ನು ಮೂರು ತಿಂಗಳಿಗೊಮ್ಮೆ ಕರೆದು ನೋಡುವುದಕ್ಕೆ ಕಾರಣಗಳೇ ಹೊರತು ವಾಪಸ್ ಕಳಿಸುವುದಕ್ಕಲ್ಲ. ಗಣೇಶ ಚೌತಿಗೆ ಮೋದಕ ತಿಂದು ಸಕ್ಕರೆ ಏರಿಸಿಕೊಂಡು ಬಂದವರನ್ನು ನಾವು ಬೈಯುತ್ತೇವೆ. ಬೈದು, ಮಾತ್ರೆ ಬರೆಯುತ್ತೇವೆ.

ಇನ್ನೂ ಹತ್ತಿರದ ಉದಾಹರಣೆ ಆಸ್ಪತ್ರೆಯೊಳಗೇ ಇದೆ. ರಕ್ತ ತೆಗೆಯುವಾಗ ಸೂಜಿ ಡಾಕ್ಟರರ ಬೆರಳಿಗೇ ಚುಚ್ಚಿತು, ರೋಗಿಗೆ ಎಚ್‌ಐವಿ ಇದೆ ಎಂದಿಟ್ಟುಕೊಳ್ಳಿ. 72 ಗಂಟೆಯೊಳಗೆ ಔಷಧಿ ಶುರು ಮಾಡಿ 28 ದಿನ ನುಂಗಬೇಕು. ಅದರಲ್ಲೂ ಇದೇ ಟೆನೊಫೊವಿರ್ ಇರುತ್ತದೆ. ಆಗ ಯಾರೂ ಆ ಡಾಕ್ಟರರನ್ನು ಕೂರಿಸಿಕೊಂಡು "ನಿಮಗೆ ಮಾತ್ರೆ ಕೊಟ್ಟರೆ ನಾಳೆಯಿಂದ ಇನ್ನಷ್ಟು ಅಜಾಗರೂಕರಾಗುವುದಿಲ್ಲವೇ?" ಎಂದು ಕೇಳುವುದಿಲ್ಲ. ವೃತ್ತಿಯ ಅಪಾಯ ಎನ್ನುತ್ತೇವೆ. ಕಾಮಾಟಿಪುರದ ಹೆಂಗಸಿಗೆ ಇರುವುದೂ ವೃತ್ತಿಯ ಅಪಾಯವೇ ಅಲ್ಲವೇ? ಬೆಳಗಾವಿ, ಬಾಗಲಕೋಟೆ, ವಿಜಯಪುರದ ಹಳ್ಳಿಗಳಿಂದ ಅಲ್ಲಿಗೆ ಬಂದು ಮುಟ್ಟಿದ ದೇವದಾಸಿ ಮನೆತನದ ಹೆಣ್ಣುಮಕ್ಕಳು ಎಷ್ಟೋ ಮಂದಿ. ಕರ್ನಾಟಕದ 1982ರ ಕಾನೂನು ಮುತ್ತು ಕಟ್ಟುವುದನ್ನು ನಿಷೇಧಿಸಿತು, ಮುಂಬಯಿಯ ದಾರಿ ಮುಚ್ಚಲಿಲ್ಲ. ಒಂದೇ ಔಷಧಿ ಡಾಕ್ಟರರ ಕೈಯಲ್ಲಿ ರಕ್ಷಣೆ, ಆಕೆಯ ಕೈಯಲ್ಲಿ ಲೈಸೆನ್ಸ್. ಇದನ್ನು ಹೇಳಿದಾಗ ಕೆಲವರಿಗೆ ಸಿಟ್ಟು ಬರುತ್ತದೆ. ಬರಲಿ.

ಇಂಥವರಿಗೆ ದಿನಾ ಮಾತ್ರೆ ನುಂಗುವ ಶಿಸ್ತು ಎಲ್ಲಿಂದ ಬರಬೇಕು ಎಂಬುದು ಮುಂದಿನ ಮಾತು. ಇದಕ್ಕೆ ಉತ್ತರ ನಮ್ಮ ಮೈಸೂರಿನಲ್ಲೇ ಇದೆ. ಲೈಂಗಿಕ ಕಾರ್ಯಕರ್ತೆಯರೇ ಕಟ್ಟಿಕೊಂಡ ಆಶೋದಯ ಸಮಿತಿ, ಆರುನೂರಕ್ಕೂ ಹೆಚ್ಚು ಹೆಂಗಸರಿಗೆ ಒಂದು ವರ್ಷಕ್ಕೂ ಮೀರಿ ಈ ಮಾತ್ರೆ ಕೊಟ್ಟು ನೋಡಿತು. ಹೆಚ್ಚುಕಡಿಮೆ ಎಲ್ಲರೂ ಕೊನೆಯವರೆಗೆ ಉಳಿದರು, ಒಬ್ಬರಿಗೂ ಎಚ್‌ಐವಿ ತಗಲಲಿಲ್ಲ. ಮುಂಬಯಿಯ ಡಾಕ್ಟರರಿಗೆ ಮೈಸೂರಿನ ಹೆಂಗಸರ ಶಿಸ್ತನ್ನು ವಿವರಿಸುವಾಗ ನನಗೆ ಸ್ವಲ್ಪ ಊರಿನ ಜಂಬವೂ ಬರುತ್ತದೆ ಅನ್ನಿ.

ಹಾಗಂತ ಇದು ನಮ್ಮ ಡಾಕ್ಟರರಿಗೆ ಮಾತ್ರ ಅಂಟಿದ ಜಾಡ್ಯವೇನಲ್ಲ. 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ವೈದ್ಯ ವಿದ್ಯಾರ್ಥಿಗಳ ಮುಂದೆ ಒಂದೇ ಕಥೆಯ ರೋಗಿಯನ್ನು ಇಟ್ಟರು. ಕೆಲವರಿಗೆ ಅವನು ಬಿಳಿಯ, ಕೆಲವರಿಗೆ ಕರಿಯ. ಕರಿಯನಾದರೆ ಮಾತ್ರೆ ಸಿಕ್ಕ ಮೇಲೆ ಹೆಚ್ಚು ಅಡ್ಡಾದಿಡ್ಡಿ ನಡೆಯುತ್ತಾನೆ ಎಂದು ವಿದ್ಯಾರ್ಥಿಗಳು ಊಹಿಸಿದರು. ಹಾಗೆ ಊಹಿಸಿದವರು ಮಾತ್ರೆ ಬರೆಯಲು ಹಿಂದೇಟು ಹಾಕಿದರು. ಅವರಿಗೆ ಬಣ್ಣ. ನಮಗೆ ಬಟ್ಟೆ, ಮಾತಿನ ಧಾಟಿ, ಹಣೆಯ ಮೇಲಿನ ಕುಂಕುಮ, ಗಂಡಸಿನ ನಡಿಗೆ.

ಮುಖ ನೋಡಿ ಮಣೆ ಹಾಕುವುದರಲ್ಲಿ ಎರಡು ಅನ್ಯಾಯಗಳಿವೆ. ಒಂದು ಕಣ್ಣಿಗೆ ಕಾಣುತ್ತದೆ: ಕೇಳಿಕೊಂಡು ಬಂದವನನ್ನು ಬೈದು ಅಟ್ಟುವುದು. ಇನ್ನೊಂದು ಕಾಣುವುದೇ ಇಲ್ಲ. ಕುತ್ತಿಗೆಯಲ್ಲಿ ತಾಳಿಯಿರುವ ಹೆಂಗಸಿನ ಎದುರು, ದೇವರ ಪ್ರಸಾದ ಹಿಡಿದುಕೊಂಡು ಬರುವ ಹೋಟೆಲಿನ ಕ್ಯಾಷಿಯರ್ ಎದುರು, ಈ ಮಾತ್ರೆಯ ನೆನಪೇ ಡಾಕ್ಟರರಿಗೆ ಆಗುವುದಿಲ್ಲ. ಮರ್ಯಾದಸ್ಥರಿಗೆ ನಾವು ಕೊಡುವ ಗೌರವ ಅವರ ಪಾಲಿಗೆ ಮುಳುವಾಗುತ್ತದೆ. ಆದ್ದರಿಂದ ತರಬೇತಿಯಲ್ಲಿ ಒಂದು ಪದ್ಧತಿ ಹೇಳುತ್ತೇವೆ: ಬೀಡಿ ಸೇದುತ್ತೀರಾ, ನಿದ್ದೆ ಹೇಗೆ ಎಂದು ಕೇಳುವಷ್ಟೇ ಸಹಜವಾಗಿ ಇದನ್ನೂ ಕೇಳಿ, ಎಲ್ಲರನ್ನೂ ಕೇಳಿ, ಒಂದೇ ದನಿಯಲ್ಲಿ ಕೇಳಿ.

ಹೇಗೆ ಕೇಳುವುದು ಎಂಬಲ್ಲಿಗೆ ಬಂದರೆ ಕನ್ನಡದ ಬಡತನ ಗೊತ್ತಾಗುತ್ತದೆ. ಒಂದೋ ಯಾರೂ ಬಾಯಲ್ಲಿ ಆಡದ ಸಂಸ್ಕೃತ, ಇಲ್ಲವೇ ಬೈಗುಳ. ನಡುವೆ ಮನುಷ್ಯರು ಆಡುವಂಥ ಮಾತು ಕಮ್ಮಿ. "ಬೇರೆ ಯಾವುದಾದರೂ ಸಂಬಂಧ ಇದೆಯಾ?" ಎಂದು ಹುಷಾರಾಗಿ ಕೇಳಿದರೆ ಕುಂದಾಪುರದ ಹುಡುಗ ನಾಚಿಕೊಂಡು, "ಒಂದು ಸಂಬಂಧ ಬಂದಿದೆ ಡಾಕ್ಟ್ರೇ, ಬೈಂದೂರು ಕಡೆಯದ್ದು. ಜಾತಕ ಇನ್ನೂ ನೋಡಿಲ್ಲ" ಎನ್ನುತ್ತಾನೆ. ಅದೇ ಹುಡುಗ ಹಿಂದಿಯಲ್ಲಾದರೆ ನೇರ ಹೇಳುತ್ತಾನೆ. ಪರಭಾಷೆಯಲ್ಲಿ ಮಾನ ಅಷ್ಟು ಬೇಗ ಹೋಗುವುದಿಲ್ಲ.

ಇಲ್ಲೇ ಹೊರನಾಡಿನ ಕನ್ನಡಿಗನ ವಿಚಿತ್ರ ಸಂಕಟವಿದೆ. ನೆಗಡಿಗೆ, ಸೊಂಟನೋವಿಗೆ ಅವನು ರೈಲು ಬದಲಿಸಿಕೊಂಡು ಕನ್ನಡದ ಡಾಕ್ಟರರನ್ನೇ ಹುಡುಕಿ ಬರುತ್ತಾನೆ. ಈ ವಿಷಯಕ್ಕೆ ಮಾತ್ರ ಅವರನ್ನೇ ತಪ್ಪಿಸಿಕೊಂಡು ತಿರುಗುತ್ತಾನೆ. ಯಾಕೆಂದರೆ ಆ ಡಾಕ್ಟರರು ಸಂಘದ ಕಾರ್ಯಕ್ರಮಕ್ಕೆ ಬರುತ್ತಾರೆ, ಅವನ ಮಾವನೂ ಬರುತ್ತಾರೆ. ಗಂಡಸರ ಜೊತೆ ಬದುಕಲು ಊರು ಬಿಟ್ಟು ಬಂದವನಿಗಂತೂ ಮುಂಬಯಿಯಲ್ಲಿ ಸಿಕ್ಕ ದೊಡ್ಡ ಆಸ್ತಿಯೆಂದರೆ ಯಾರಿಗೂ ತನ್ನ ಗುರುತಿಲ್ಲ ಎನ್ನುವುದು. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು 377ನೇ ಕಲಮಿನ ಭಯ ತೆಗೆಯಿತು. ಅದೇ ತಿಂಗಳು ಜಾರಿಗೆ ಬಂದ ಎಚ್‌ಐವಿ ಕಾನೂನು, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಗುಟ್ಟು ಬಿಡಬಾರದು ಎಂದಿತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ ಊರಿನವರ ಬಾಯಿಗೆ ಮಾತ್ರ ಯಾವ ಕಾನೂನೂ ಇಲ್ಲ. ಅದಕ್ಕೇ "ನಮ್ಮವರೇ ಡಾಕ್ಟರಾದರೆ ಅನುಕೂಲ" ಎಂಬ ಮಾತನ್ನು ನಾನು ಈಗ ಅನುಮಾನದಿಂದಲೇ ಕೇಳುತ್ತೇನೆ. "ಬೇಕಾದರೆ ದಾದರಿನಲ್ಲಿ ಇನ್ನೊಬ್ಬರಿದ್ದಾರೆ, ಅವರಿಗೆ ಕನ್ನಡ ಬರುವುದಿಲ್ಲ" ಎಂದು ಹೇಳಿ ಕಳಿಸುವುದೂ ಒಮ್ಮೊಮ್ಮೆ ಒಳ್ಳೆಯ ವೈದ್ಯವೇ.

ಎಲ್ಲರಿಗೂ ಒಂದೇ ಪ್ರಶ್ನೆ ಸರಿ, ಎಲ್ಲರಿಗೂ ಒಂದೇ ಚೀಟಿ ಕೊಟ್ಟು ಕೈತೊಳೆದುಕೊಂಡರೆ ನ್ಯಾಯವಾಯಿತೇ? ಹತ್ತು ಜನ ಮಲಗುವ ಖೋಲಿಯಲ್ಲಿ, ಹೋಟೆಲಿನ ಅಟ್ಟದಲ್ಲಿ, ಒಂದು ಟ್ರಂಕಿನ ಒಡೆಯನಾದವನು ಮಾತ್ರೆಯ ಡಬ್ಬಿ ಎಲ್ಲಿಡಬೇಕು? ಮೂರು ತಿಂಗಳಿಗೊಂದು ಪರೀಕ್ಷೆಯೆಂದರೆ ಒಂದು ದಿನದ ಕೂಲಿ. ರಾತ್ರಿ ಕೆಲಸ ಮಾಡುವವಳಿಗೆ ಬೆಳಗಿನ ಹತ್ತು ಗಂಟೆಯ ಓಪಿಡಿ ನಡುರಾತ್ರಿ ಇದ್ದ ಹಾಗೆ. ಇವನ್ನೆಲ್ಲ ಕೇಳುವುದೂ ಚೀಟಿಯ ಭಾಗ ಎಂದರೆ ಡಾಕ್ಟರರು ಗಡಿಯಾರ ನೋಡುತ್ತಾರೆ. ಹೊರಗೆ ನಲವತ್ತು ರೋಗಿಗಳು ಕಾಯುತ್ತಿರುವಾಗ ಅವರ ಕಷ್ಟವೂ ಸುಳ್ಳಲ್ಲ.

ಡಬ್ಬಿಯ ಸಮಸ್ಯೆ ಬೇಗ ತೀರಬಹುದು. ಆರು ತಿಂಗಳಿಗೊಮ್ಮೆ ಚುಚ್ಚುವ ಲೆನಕಾಪವಿರ್ ಎಂಬ ಇಂಜೆಕ್ಷನ್ನಿಗೆ 2025ರ ಜೂನಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಅಲ್ಲಿ ಅದರ ಬೆಲೆ ವರ್ಷಕ್ಕೆ 28 ಸಾವಿರ ಡಾಲರ್. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು ಅದನ್ನೇ 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವ ಒಪ್ಪಂದಗಳು ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ರಕಟವಾದವು. ವರ್ಷಕ್ಕೆ ಎರಡು ಸಲ ಚುಚ್ಚಿಸಿಕೊಂಡರೆ ಸಾಕು, ಬಚ್ಚಿಡುವಂಥದ್ದೇನೂ ಇಲ್ಲ.

ನನಗೆ ನೆನಪಾಗುವುದು ಆ ಕ್ಯಾಷಿಯರನ ಹೆಂಡತಿ, ಊರಿನಲ್ಲಿರುವವಳು. ಗಂಡ ವರ್ಷಕ್ಕೆರಡು ಸಲ ಬರುತ್ತಾನೆ. ಅವಳು ದಡ್ಡಿಯಲ್ಲ, ಅನುಮಾನ ಇದ್ದೇ ಇದೆ. ಕಾಂಡೋಮ್ ಎಂದು ಬಾಯಿ ತೆರೆದರೆ ಪ್ರಶ್ನೆ ಅವಳ ನಡತೆಯ ಮೇಲೆಯೇ ತಿರುಗುತ್ತದೆ. ಅವನನ್ನು ಕೇಳದೆ, ಅವಳೊಬ್ಬಳೇ ಮಾಡಿಕೊಳ್ಳಬಹುದಾದ ರಕ್ಷಣೆ ಇದು. ಆದರೆ ಚೀಟಿ ಬರೆಯಬೇಕಾದ ಡಾಕ್ಟರರು ಇರುವುದು ತಾಲೂಕಿನ ಬಸ್‌ಸ್ಟ್ಯಾಂಡಿನ ಎದುರು. ಸಂಜೆಯ ಹೊತ್ತು ಅವಳ ಮಾವ ಪೇಪರ್ ಓದಲು ಹೋಗಿ ಕೂರುವುದು ಅವರ ಕ್ಲಿನಿಕ್ಕಿನಲ್ಲೇ.