ಭಾಷೆ ಕಲಿಸುವವನ ಋಣ

ಗಣಿತ ಕಲಿಸುವ ಉಪಾಧ್ಯಾಯನು ಮಗುವಿನಿಂದ ಏನನ್ನೂ ಕಿತ್ತುಕೊಳ್ಳುವುದಿಲ್ಲ. ಮಗ್ಗಿ ಬಾಯಿಗೆ ಬರುವ ಮೊದಲು ಆ ಮಗುವಿನ ಬಳಿ ಅದಕ್ಕೆ ಎದುರಾಗಿ ನಿಲ್ಲುವ ಬೇರೊಂದು ಮಗ್ಗಿ ಇರಲಿಲ್ಲ. ಭೂಗೋಳ ಕಲಿಸುವವನೂ ಬಹುಮಟ್ಟಿಗೆ ಹಾಗೆಯೇ. ಖಾಲಿ ನೆಲದಲ್ಲಿ ಗಿಡ ನೆಡುತ್ತಾನೆ. ಭಾಷೆ ಕಲಿಸುವವನ ಪಾಡು ಬೇರೆ. ಅವನ ಮುಂದೆ ಬಂದು ಕುಳಿತ ಮಗುವಿನ ಬಾಯಲ್ಲಿ ಆಗಲೇ ಒಂದು ಮಾತು ಬೆಳೆದು ನಿಂತಿದೆ. ಹಸಿವು, ಭಯ, ಮುದ್ದು, ಮುನಿಸು ಎಲ್ಲಕ್ಕೂ ಅದರಲ್ಲಿ ಹೆಸರಿದೆ. ಕಲಿಸುವವನು ಕೊಡುವುದಕ್ಕೆ ಬಂದವನು, ನಿಜ; ಆದರೆ ಇಲ್ಲಿ ಕೊಡುವ ಕೈಯೇ ಕಸಿಯುವ ಕೈಯೂ ಆಗಬಹುದು. ಆದುದರಿಂದ ಹೇಗೆ ಕಲಿಸಬೇಕು ಎಂಬ ಪ್ರಶ್ನೆಯ ಹಿಂದೆ, ಕಲಿಸುವವನಿಗೆ ಮಗುವಿನ ಮಾತಿನ ಮೇಲೆ ಎಷ್ಟು ಹಕ್ಕು ಎಂಬ ಇನ್ನೊಂದು ಪ್ರಶ್ನೆ ಇದ್ದೇ ಇರುತ್ತದೆ. ಮೊದಲನೆಯದು ವಿಧಾನದ ಪ್ರಶ್ನೆ. ಎರಡನೆಯದು ಧರ್ಮದ ಪ್ರಶ್ನೆ.

ಮೊದಲನೆಯ ಪ್ರಶ್ನೆಯನ್ನು ಕುರಿತು ಆಲೋಚಿಸುವುದರಲ್ಲಿ ನಮ್ಮ ಮೈಸೂರು ಹಿಂದೆ ಬಿದ್ದಿಲ್ಲ. 1969ರ ಜುಲೈ 17ರಂದು ಭಾರತೀಯ ಭಾಷಾ ಸಂಸ್ಥಾನ ಇಲ್ಲಿ ಆರಂಭವಾಯಿತು. ದೇಬೀಪ್ರಸನ್ನ ಪಟ್ಟನಾಯಕರು ಅದರ ಮೊದಲ ನಿರ್ದೇಶಕರು. ಅಂದಿನಿಂದ ದೇಶವಿದೇಶದ ಭಾಷಾತಜ್ಞರು ಮಾನಸಗಂಗೋತ್ರಿಯ ಮರಗಳ ನೆರಳಿನಲ್ಲಿ ಓಡಾಡಿದ್ದಾರೆ. ಭಾಷಾಕಲಿಕೆಯನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನವೊಂದರಲ್ಲಿ ಹಿಂದಿನ ಸಾಲಿನ ಕೇಳುಗನಾಗಿ ಕೂರುವ ಅವಕಾಶ ನನಗೂ ಒದಗಿತ್ತು. ವಿದ್ವಾಂಸರ ಶ್ರದ್ಧೆ ದೊಡ್ಡದು. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಎರಡು ಸಂಗತಿಗಳು ನನ್ನ ಮನಸ್ಸಿನಲ್ಲಿ ನಿಂತವು. ಮಗು ತನ್ನ ತಾಯಿಮಾತಿನಲ್ಲಿಯೇ ಮೊದಲು ಕಲಿಯಬೇಕೆಂಬ ಮಾತನ್ನು ಅಲ್ಲಿ ಒಬ್ಬರೂ ವಿರೋಧಿಸಲಿಲ್ಲ. ಹಾಗೆ ಒಪ್ಪಿದವರೆಲ್ಲ ಒಪ್ಪಿಗೆ ಕೊಟ್ಟದ್ದು ಇಂಗ್ಲಿಷಿನಲ್ಲಿ.

ಇದನ್ನು ಹಾಸ್ಯಕ್ಕಾಗಿ ಹೇಳುತ್ತಿಲ್ಲ. ಹತ್ತು ದೇಶದವರು ಕೂಡಿದಾಗ ಒಂದು ಸಾಮಾನ್ಯ ಭಾಷೆ ಬೇಕೇ ಬೇಕು. ನನ್ನನ್ನು ಕಾಡಿದ್ದು ಆ ಒಪ್ಪಿಗೆಯ ಸುಲಭತೆ. 1951ರಲ್ಲಿ ಪ್ಯಾರಿಸ್ಸಿನಲ್ಲಿ ಯುನೆಸ್ಕೋ ಸಂಸ್ಥೆ ತಜ್ಞರ ಸಭೆಯೊಂದನ್ನು ಕರೆದಿತ್ತು. ಅದರ ವರದಿ 1953ರಲ್ಲಿ ಹೊರಬಂತು. ಮಗುವಿಗೆ ಕಲಿಸಲು ತಾಯಿಮಾತೇ ಅತ್ಯುತ್ತಮ ಎಂಬುದು ಆ ವರದಿಗೆ ವಾದಿಸಬೇಕಾದ ಸಂಗತಿಯಾಗಿರಲಿಲ್ಲ, ಸ್ವತಃಸಿದ್ಧವಾಗಿತ್ತು. 1956ರಲ್ಲಿ ನಮ್ಮ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿಮಾತಿನ ಬೋಧನೆಗೆ ಅನುಕೂಲ ಒದಗಿಸಬೇಕೆಂದು ಅದು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನೇ ಇನ್ನೊಂದು ಬಗೆಯಲ್ಲಿ ಹೇಳಿತು. ಇಷ್ಟೊಂದು ಜನ ಇಷ್ಟು ವರ್ಷ ಒಪ್ಪಿಕೊಂಡೇ ಬಂದಿರುವ ಮಾತು ನಡೆಯದೆ ಉಳಿದಿದೆಯೆಂದರೆ, ಆ ಒಪ್ಪಿಗೆಯನ್ನೇ ಸ್ವಲ್ಪ ಅನುಮಾನದಿಂದ ನೋಡಬೇಕಾಗುತ್ತದೆ. ಹಾಗೆ ನೋಡಲು ದೂರ ಹೋಗಬೇಕಾಗಿಲ್ಲ. ಮೈಸೂರಿನಿಂದ ಪಶ್ಚಿಮಕ್ಕೆ ನಾಲ್ಕು ತಾಲ್ಲೂಕು ಸುತ್ತಿ ಬಂದರೆ ಸಾಕು.

ಕೃಷ್ಣರಾಜನಗರದ ಕಡೆ ಕಾವೇರಿಯ ನಾಲೆಯ ನೀರು, ಬತ್ತದ ಗದ್ದೆ, ಅಪ್ಪಟ ಕನ್ನಡದ ಊರುಗಳು. ಬೆಳಗಿನ ಹೊತ್ತು ಆ ಊರುಗಳ ಅರಳಿಕಟ್ಟೆಯ ಬಳಿ ಹಳದಿ ವ್ಯಾನು ಬಂದು ನಿಲ್ಲುತ್ತದೆ. ಟೈ ಕಟ್ಟಿದ ಮಕ್ಕಳು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಹೊರಡುತ್ತಾರೆ. ಮಗನನ್ನು ಹತ್ತಿಸಿ ನಿಂತಿದ್ದ ರೈತನೊಬ್ಬನನ್ನು ಮಾತಿಗೆಳೆದೆ. “ನಾನಂತೂ ಕೆಸ್ರು ತುಳ್ದಾಯ್ತು ಸ್ವಾಮಿ, ನನ್ ಮಗ ತುಳಿಯೋದು ಬ್ಯಾಡ” ಎಂದ. ಈ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಕನ್ನಡದ ಅಭಿಮಾನವನ್ನು ಅವನಿಗೆ ಬೋಧಿಸುವ ನಮ್ಮಲ್ಲಿ ಎಷ್ಟು ಜನರ ಮಕ್ಕಳು ಕನ್ನಡ ಶಾಲೆಯಲ್ಲಿ ಓದಿದ್ದಾರೆ? 1982ರ ಗೋಕಾಕ್ ಚಳವಳಿ ನಾಡನ್ನೆಲ್ಲ ಎಬ್ಬಿಸಿತು. ಆದರೆ ಸುಪ್ರೀಂ ಕೋರ್ಟು 2014ರ ತೀರ್ಪಿನಲ್ಲಿ, ಖಾಸಗಿ ಪ್ರಾಥಮಿಕ ಶಾಲೆಗಳ ಮೇಲೆ ತಾಯಿಮಾತಿನ ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019ರಲ್ಲಿ ಸರ್ಕಾರವೇ ತನ್ನ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಲು ತೊಡಗಿತು. ಆ ತಂದೆ ನಡೆದದ್ದು ನಾವು ಮೊದಲು ಸವೆಸಿದ ದಾರಿಯಲ್ಲಿಯೇ. ಅವನನ್ನು ದೂರುವುದರಲ್ಲಿ ನ್ಯಾಯವಿಲ್ಲ.

ಇಲ್ಲಿಯವರೆಗೆ ನಾವು ಕನ್ನಡಿಗರು ನೊಂದವರ ಪಕ್ಷದಲ್ಲಿ ನಿಂತಿದ್ದೇವೆ. ಆ ಜಾಗ ಹಿತವಾಗಿಯೂ ಇದೆ. ಇನ್ನು ಪಿರಿಯಾಪಟ್ಟಣಕ್ಕೆ ಹೋಗೋಣ.

ಅಲ್ಲಿಯ ಬೈಲಕುಪ್ಪೆಗೆ ಟಿಬೆಟಿನ ನಿರಾಶ್ರಿತರು 1960ರ ಸುಮಾರಿಗೆ ಬಂದರು. ಮೈಸೂರು ರಾಜ್ಯ ಅವರಿಗೆ ಕಾಡುನೆಲ ಕೊಟ್ಟಿತು. ಮರ ಕಡಿದು, ಜೋಳ ಬಿತ್ತಿ ಅವರು ಬದುಕು ಕಟ್ಟಿಕೊಂಡರು. ಅವರ ಮಕ್ಕಳ ಶಾಲೆಗಳಿಗಾಗಿ ಭಾರತ ಸರ್ಕಾರ 1961ರಲ್ಲಿ ಪ್ರತ್ಯೇಕ ಸಂಸ್ಥೆಯನ್ನೇ ಸ್ಥಾಪಿಸಿತು. ಅವರು ತಮ್ಮ ಕಡೆಯಿಂದ ಕೆಳಗಿನ ತರಗತಿಗಳನ್ನು ತಮ್ಮದೇ ಮಾತಿಗೆ ತಿರುಗಿಸಿಕೊಂಡರು, ಪಠ್ಯಗಳನ್ನು ಬರೆದುಕೊಂಡರು. ಇಂದು ಅಲ್ಲಿಯ ಮಗು ಟಿಬೆಟನ್ ಲಿಪಿಯಲ್ಲಿ ಅಕ್ಷರ ತಿದ್ದುತ್ತದೆ, ಬಳಿಕ ಇಂಗ್ಲಿಷ್ ಕಲಿಯುತ್ತದೆ. ಸಂತೆಯಲ್ಲಿ ಈರುಳ್ಳಿ ಚೌಕಾಸಿ ಮಾಡುವಷ್ಟು ಕನ್ನಡವೂ ಅದಕ್ಕೆ ಬಂದುಬಿಡುತ್ತದೆ. ದೇಶ ಕಳೆದುಕೊಂಡವರು ಮಾತನ್ನು ಕಳೆದುಕೊಳ್ಳಲಿಲ್ಲ. ಇದು ನಮ್ಮ ನಾಡು ಹೆಮ್ಮೆಪಡಬೇಕಾದ ಕಾರ್ಯ.

ಅದೇ ಪಿರಿಯಾಪಟ್ಟಣ, ಹುಣಸೂರು, ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಜೇನುಕುರುಬರ, ಬೆಟ್ಟಕುರುಬರ, ಎರವರ ಹಾಡಿಗಳಿವೆ. ಇವರು ಎಲ್ಲಿಂದಲೋ ಬಂದವರಲ್ಲ; ಈ ಕಾಡು ಇವರದೇ. 1974ರಲ್ಲಿ ಮುಗಿದ ಕಬಿನಿಯ ಅಣೆಕಟ್ಟು, 1988ರಲ್ಲಿ ರಾಷ್ಟ್ರೀಯ ಉದ್ಯಾನವಾದ ನಾಗರಹೊಳೆ, ಇವು ಇವರನ್ನು ಹಂತಹಂತವಾಗಿ ಕಾಡಿನಿಂದ ಹೊರಕ್ಕೆ ತಂದವು. ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿಗಳಲ್ಲಿ ಈಗ ಸಾಲುಮನೆಗಳಿವೆ, ಆಶ್ರಮಶಾಲೆಯಿದೆ. ಆದರೆ ಜೇನುಕುರುಬರ ಮಾತಿಗೆ ಆ ಶಾಲೆಯ ಮಾಧ್ಯಮದಲ್ಲಿ ಸ್ಥಾನವಿಲ್ಲ. ಅತಿಥಿಗೆ ಸಿಕ್ಕಿದ್ದು ಮನೆಯವನಿಗೆ ಸಿಗಲಿಲ್ಲ. ಮನೆಯವನ ಮಾತು ಭಾಷೆಯೆಂದೇ ನಮಗೆ ತೋರದಿದ್ದುದೇ ಇದಕ್ಕೆ ಕಾರಣವಾಗಿರಬೇಕು. ಅದು ಕನ್ನಡಕ್ಕೆ ಹತ್ತಿರದ್ದು. ಕನ್ನಡದ ಉಪಭಾಷೆ ಎನ್ನುವವರೂ ಇದ್ದಾರೆ, ಸ್ವತಂತ್ರ ಭಾಷೆ ಎನ್ನುವವರೂ ಇದ್ದಾರೆ. ಉಪಾಧ್ಯಾಯನ ಕಿವಿಗೆ ಮಾತ್ರ ಅದು ಕೆಟ್ಟ ಕನ್ನಡ. ದೂರದ ಭಾಷೆಯಾಗಿದ್ದರೆ ಮಗುವಿಗೆ ಕನ್ನಡ ಬಾರದು ಎಂದಾದರೂ ಆತ ತಿಳಿಯುತ್ತಿದ್ದ. ಹತ್ತಿರದ್ದಾದ್ದರಿಂದ ಮಗು ದಡ್ಡ ಎಂದುಕೊಳ್ಳುತ್ತಾನೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ. ಇಂಗ್ಲಿಷಿನ ಮುಂದೆ ಕಣ್ಣೀರಿಡುವ ಸೊಸೆಯಾದ ನಮ್ಮ ಕನ್ನಡ, ಹಾಡಿಯ ಶಾಲೆಯಲ್ಲಿ ಅತ್ತೆಯಾಗಿ ಕುಳಿತಿದೆ.

ಹಾಡಿಯ ಯಜಮಾನರೊಬ್ಬರನ್ನು ಮಕ್ಕಳ ಓದಿನ ವಿಷಯ ಕೇಳಿದೆ. “ಓದ್ಲಿ ಸ್ವಾಮಿ, ಬ್ಯಾಡ ಅನ್ನಾಕಿಲ್ಲ. ಆದ್ರೆ ಓದ್ಕಂಡ್ ಬಂದೋನು ನಮ್ಮ ಮಾತ್ನಲ್ಲಿ ಮಾತಾಡಾಕೆ ನಾಚ್ಕತಾನೆ” ಎಂದರು. ಸಮ್ಮೇಳನದ ಪ್ರಬಂಧಗಳಲ್ಲಿ ನಷ್ಟವನ್ನು ಅಳೆಯುವ ಕೋಷ್ಟಕಗಳಿದ್ದವು. ನಾಚಿಕೆಯನ್ನು ಅಳೆಯುವ ಅಂಕಣ ಯಾವುದರಲ್ಲಿಯೂ ಇರಲಿಲ್ಲ. ಶಬ್ದಗಳು ಮರೆತುಹೋಗುವುದು ಒಂದು ಬಗೆಯ ನಷ್ಟ. ಶಬ್ದಗಳು ನೆನಪಿದ್ದೂ, ಅವನ್ನು ಆಡಿದ ಅಜ್ಜಿಯ ಎದುರಿಗೆ ಬಾಯಿ ತೆರೆಯಲು ಸಂಕೋಚವಾಗುವುದು ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಕಾಲ ಕಾರಣವಾಗಬಹುದು. ಎರಡನೆಯದನ್ನು ಯಾರೋ ಕಲಿಸಿದ್ದಾರೆ.

ಇಲ್ಲಿ ಓದುಗರಲ್ಲಿ ಒಬ್ಬರು ತಡೆದು ಕೇಳಿಯಾರು: “ನಿಮ್ಮ ಮಾತು ಕೇಳಲು ಚೆನ್ನ. ಆದರೆ ಲಿಪಿಯಿಲ್ಲದ ಆ ಮಾತಿನಿಂದ ಮಗುವಿಗೆ ಯಾವ ಅನ್ನ ಸಿಕ್ಕೀತು? ತಾಲ್ಲೂಕು ಕಚೇರಿಯ ಅರ್ಜಿ, ಆಸ್ಪತ್ರೆಯ ಚೀಟಿ, ಬಸ್ಸಿನ ಫಲಕ ಎಲ್ಲವೂ ಕನ್ನಡದಲ್ಲಿವೆ. ತಾಯಿಮಾತೆಂದು ಹಾಡಿ ಹೊಗಳಿ ಅವರನ್ನು ಹಾಡಿಯಲ್ಲೇ ಕೂಡಿಹಾಕುವಿರಾ?” ಈ ಆಕ್ಷೇಪಣೆಗೆ ನಾನು ತಲೆಬಾಗುತ್ತೇನೆ. ಇನ್ನೊಬ್ಬರ ಮಗು ಚಿಕ್ಕ ಭಾಷೆಯಲ್ಲಿಯೇ ಉಳಿಯಲಿ, ನಮಗೆ ನೋಡಲು ಸೊಗಸಾಗಿರುತ್ತದೆ ಎನ್ನುವುದು ಕ್ರೌರ್ಯವೇ ಸರಿ. ದೊಡ್ಡ ಭಾಷೆಯನ್ನು ಪಡೆಯುವ ಹಕ್ಕು ಆ ಮಗುವಿಗೆ ನಮ್ಮ ಮಕ್ಕಳಿಗಿರುವಷ್ಟೇ ಇದೆ. ಕನ್ನಡವೂ ಬೇಕು, ಇಂಗ್ಲಿಷೂ ಬೇಕು. ಆದರೆ ಆಕ್ಷೇಪಣೆಯ ಒಳಗೆ ಒಂದು ಊಹೆ ಅಡಗಿದೆ: ಹೊಸದನ್ನು ತುಂಬಬೇಕಾದರೆ ಹಳೆಯದನ್ನು ಚೆಲ್ಲಲೇಬೇಕು ಎಂಬುದು. ಮಗುವಿನ ಮನಸ್ಸು ಕೊಡವಲ್ಲ. ಕೊಡಗಿನ ತೋಟಕ್ಕೆ ಕೂಲಿಗೆ ಹೋಗಿ ಬರುವ ಹೆಂಗಸು ಮೂರು ನಾಲ್ಕು ಮಾತುಗಳನ್ನು ಯಾವ ಶಾಲೆಯ ಹಂಗೂ ಇಲ್ಲದೆ ಆಡುತ್ತಾಳೆ. ಒಂದನ್ನು ಕಲಿತಾಗ ಇನ್ನೊಂದು ಚೆಲ್ಲಿಹೋಗಲಿಲ್ಲ. ಕೂಡಿಸುವ ಹಕ್ಕು ಉಪಾಧ್ಯಾಯನಿಗೆ ಧಾರಾಳವಾಗಿ ಇದೆ. ಕಳೆಯುವ ಹಕ್ಕು ಅವನಿಗಿಲ್ಲ.

ಇದು ಆಗದ ಮಾತೆಂದು ಯಾರೂ ಹೇಳಬೇಕಾಗಿಲ್ಲ. ‘ನಲಿ-ಕಲಿ’ ಹುಟ್ಟಿದ್ದು ಇದೇ ಹೆಗ್ಗಡದೇವನಕೋಟೆಯಲ್ಲಿ. 1995ರಲ್ಲಿ ಈ ತಾಲ್ಲೂಕಿನ ಕೆಲವು ಉಪಾಧ್ಯಾಯರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಶಾಲೆಗಳ ಕ್ರಮವನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಕೈಯಾರೆ ಕಾರ್ಡುಗಳನ್ನು ಬರೆದರು. ವರ್ಣಮಾಲೆಯ ಕ್ರಮವನ್ನು ಬದಿಗಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸಿದರು. ಐದೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ ಎಂದು ಓದಿಬಿಡುತ್ತದೆ. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರುತ್ತಾರೆ, ತಲೆಯ ಮೇಲಿನ ಚಪ್ಪರದಲ್ಲಿ ಅವರ ಚಿತ್ರಗಳು ತೂಗುತ್ತವೆ, ಒಂದೊಂದು ಮಗುವೂ ತನ್ನ ವೇಗದಲ್ಲಿ ಏಣಿ ಹತ್ತುತ್ತದೆ. ಮುಂದೆ ಸರ್ಕಾರ ಈ ಪದ್ಧತಿಯನ್ನು ರಾಜ್ಯಕ್ಕೆಲ್ಲ ಹರಡಿತು. ನಾಡಿನಲ್ಲಿ ಹಿಂದುಳಿದದ್ದೆನಿಸಿಕೊಂಡ ತಾಲ್ಲೂಕು ನಾಡಿಗೆಲ್ಲ ಪಾಠ ಹೇಳಿತು. ಮಗುವಿನ ವೇಗವನ್ನು ಗೌರವಿಸಬೇಕೆಂದು ಕಂಡುಕೊಂಡ ಆ ಉಪಾಧ್ಯಾಯರ ದಾರಿಯಲ್ಲಿ ಮುಂದಿನ ಹೆಜ್ಜೆ ಮಗುವಿನ ಮಾತನ್ನು ಗೌರವಿಸುವುದು.

ಆ ಹೆಜ್ಜೆಯನ್ನಿಟ್ಟವರೊಬ್ಬರನ್ನು ನಾನು ಬಲ್ಲೆ. ಹಾಡಿಯ ಶಾಲೆಗೆ ವರ್ಗವಾಗಿ ಬಂದ ಹೊಸದರಲ್ಲಿ ಅವರ ತರಗತಿಯಲ್ಲಿ ಮೌನವೋ ಮೌನ. ಒಂದು ದಿನ ಅವರು ಪುಸ್ತಕ ಮುಚ್ಚಿ, ಹೆಜ್ಜೇನು, ತುಡುವೆ, ಕೋಲುಜೇನು ಎಂದು ಬೋರ್ಡಿನ ಮೇಲೆ ಬರೆದು, “ನನಗೆ ಇಷ್ಟೇ ಗೊತ್ತಿರೋದು, ಮಿಕ್ಕದ್ದು ನೀವೇ ಹೇಳ್ರಪ್ಪಾ” ಎಂದರು. ಅರ್ಧ ಗಂಟೆಯೊಳಗೆ ಬೋರ್ಡಿನಲ್ಲಿ ಜಾಗವಿರಲಿಲ್ಲ. ಹುಳುವಿಗೊಂದು, ಗೂಡಿಗೊಂದು, ತುಪ್ಪ ತುಂಬುವ ಕಾಲಕ್ಕೊಂದು, ಏಣಿಗೊಂದು, ಹೊಗೆಗೊಂದು ಹೆಸರು. ಮಕ್ಕಳು ತಮ್ಮ ಮಾತನ್ನು ಕನ್ನಡದ ಅಕ್ಷರದಲ್ಲಿ ಕಂಡರು. ಮರುದಿನದಿಂದ ಅವರ ಕನ್ನಡವೂ ಬಾಯಿಬಿಟ್ಟಿತು ಎಂದು ಮೇಷ್ಟ್ರು ನನಗೆ ಹೇಳಿದರು. ನನಗೆ ಆಶ್ಚರ್ಯವಾಗಲಿಲ್ಲ. ತನ್ನದನ್ನು ಒಪ್ಪಿಸಿಕೊಂಡವನಿಂದ ಮನುಷ್ಯನು ಇನ್ನೊಂದನ್ನು ಸಂತೋಷವಾಗಿ ಪಡೆಯುತ್ತಾನೆ.

ಒಬ್ಬ ಒಳ್ಳೆಯ ಮೇಷ್ಟ್ರ ಪುಣ್ಯದ ಮೇಲೆ ನ್ಯಾಯವನ್ನು ಬಿಡಲಾಗದು. ಅದಕ್ಕೊಂದು ಕಟ್ಟಳೆ ಬೇಕು. ಕಟ್ಟಳೆಯ ಮಾದರಿಯೂ ಮೈಸೂರಿನಲ್ಲಿಯೇ ಇದೆ. ಭಾಷಾ ಸಂಸ್ಥಾನದ ದಕ್ಷಿಣ ವಲಯ ಕೇಂದ್ರದಲ್ಲಿ ಬೇರೆ ರಾಜ್ಯಗಳ ಉಪಾಧ್ಯಾಯರು ಬಂದು, ಹತ್ತು ತಿಂಗಳು ಕುಳಿತು, ಕನ್ನಡವನ್ನೋ ತಮಿಳನ್ನೋ ಮಲೆಯಾಳವನ್ನೋ ತೆಲುಗನ್ನೋ ಕಲಿತು ಹೋಗುತ್ತಾರೆ. ಉಪಾಧ್ಯಾಯನೊಬ್ಬನು ಇನ್ನೊಂದು ನಾಡಿನ ಭಾಷೆಗಾಗಿ ಹತ್ತು ತಿಂಗಳು ಕೊಡುವುದು ನಮಗೆ ಸಹಜವಾಗಿ ಕಾಣುತ್ತದೆ. ಹಾಗಾದರೆ ಹಾಡಿಯ ಶಾಲೆಗೆ ಹೋಗುವವನು ಹಾಡಿಯ ಮಾತಿಗಾಗಿ ಮೂರು ತಿಂಗಳು ಕೊಡುವುದು ಏಕೆ ವಿಚಿತ್ರವಾಗಿ ಕಾಣಬೇಕು? ಆರು ವರ್ಷದ ಮಗು ಉಪಾಧ್ಯಾಯನ ಭಾಷೆಯನ್ನು ಕಲಿಯಬೇಕೆಂದು ನಿರೀಕ್ಷಿಸುವವರು, ಮೂವತ್ತು ವರ್ಷದ ಉಪಾಧ್ಯಾಯನು ಮಗುವಿನ ಭಾಷೆಯನ್ನು ಕಲಿಯಲಾರನೆಂದು ಹೇಳುವುದು ಯಾವ ಲೆಕ್ಕ?

ಶಿಷ್ಯನು ಗುರುವಿಗೆ ಋಣಿ ಎಂದು ನಮ್ಮ ಸಂಪ್ರದಾಯ ಹೇಳುತ್ತ ಬಂದಿದೆ. ಅದು ಸರಿಯೇ. ಆದರೆ ಭಾಷೆ ಕಲಿಸುವವನ ವಿಷಯದಲ್ಲಿ ಋಣ ಎರಡು ಕಡೆಗೂ ಇದೆ. ಮಗುವಿಗೆ ಆಗಲೇ ಒಂದು ಮಾತು ಬಾರದಿದ್ದರೆ ಯಾವ ಗುರುವೂ ಅದಕ್ಕೆ ಇನ್ನೊಂದನ್ನು ಕಲಿಸಲಾರನು. ತಾಯಿ ಕಟ್ಟಿದ ಮೆಟ್ಟಿಲ ಮೇಲೆ ನಿಂತೇ ಅವನು ತನ್ನ ಮೆಟ್ಟಿಲನ್ನು ಕಟ್ಟುವುದು. ಕೆಲಸ ಮುಗಿದ ಮೇಲೆ ಆ ಮೊದಲ ಮೆಟ್ಟಿಲು ಅಲ್ಲೇ ಇರುವಂತೆ ನೋಡಿಕೊಳ್ಳುವುದು, ಓದಿ ದೊಡ್ಡವನಾದ ಹುಡುಗ ಬೇಕೆನಿಸಿದಾಗ ಅದರ ಮೇಲೆ ಇಳಿದು ಬಂದು ಅಜ್ಜಿಯ ಪಕ್ಕದಲ್ಲಿ ನಾಚಿಕೆಯಿಲ್ಲದೆ ಕುಳಿತುಕೊಳ್ಳುವಂತೆ ಉಳಿಸುವುದು, ಆ ಋಣದ ತೀರುವೆ. ಕನ್ನಡಕ್ಕಾಗಿ ನಾವು ಇಂಗ್ಲಿಷಿನ ಮುಂದೆ ಕೇಳುತ್ತಿರುವುದೂ ಇಷ್ಟನ್ನೇ ಅಲ್ಲವೆ? ನಾವು ಕೇಳುವುದನ್ನು ಮೊದಲು ಕೊಟ್ಟು ನೋಡಿದರೆ, ಕೇಳುವ ದನಿಗೂ ಬಲ ಬಂದೀತು.