ಒಳ್ಳೇದಕ್ಕೆ ಗೇಣಿ ವಸೂಲಿ ಮಾಡಬಹುದಾ?

 

ಇವತ್ತಿನ ವಾಕ್ಯಭಾಗ ಪ್ರಸಂಗಿ 9ನೇ ಅಧ್ಯಾಯದ 14 ಮತ್ತು 15ನೇ ವಚನ. ತುಂಬಾ ಚಿಕ್ಕ ಕಥೆ. ಒಂದು ಸಣ್ಣ ಊರು, ದೊಡ್ಡ ರಾಜನೊಬ್ಬ ಬಂದು ಮುತ್ತಿಗೆ ಹಾಕ್ತಾನೆ. ಊರೊಳಗಿದ್ದ ಒಬ್ಬ ಬಡವ ತನ್ನ ಜ್ಞಾನದಿಂದ ಊರನ್ನು ಉಳಿಸ್ತಾನೆ. ಆಮೇಲೆ ಅವನ ನೆನಪು ಯಾರಿಗೂ ಇಲ್ಲ. ಅಷ್ಟೇ. ಊರಿನವರಿಗೆ ಶಿಕ್ಷೆ ಆಯ್ತು ಅಂತ ಬರೆದಿಲ್ಲ, ಬಡವನಿಗೆ ಸನ್ಮಾನ ಆಯ್ತು ಅಂತಲೂ ಬರೆದಿಲ್ಲ.

ಇದನ್ನು ಓದುವಾಗೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತೆ. ನಾವು ಯಾರಿಗೆ ಒಳ್ಳೇದು ಮಾಡಿದೆವೋ ಅವರೇ ನಮ್ಮ ಕೈ ಬಿಟ್ಟರೆ, ಮಾಡಿದ ಒಳ್ಳೇದು ವ್ಯರ್ಥನಾ?

ಇದಕ್ಕೆ ಉತ್ತರ ಹುಡುಕೋಕೆ ನಮ್ಮ ರಾಜ್ಯದ್ದೇ ಒಂದು ಜೀವನವನ್ನು ನಿಮ್ಮ ಮುಂದೆ ಇಡ್ತೀನಿ. ದೇವರಾಜ ಅರಸು. ನಿಮ್ಮಲ್ಲಿ ಹಲವರಿಗೆ ಅದು ಮೈಸೂರಿನ ಒಂದು ಶಾಪಿಂಗ್ ರೋಡಿನ ಹೆಸರು, ಕೋಲಾರದ ಒಂದು ಮೆಡಿಕಲ್ ಕಾಲೇಜಿನ ಹೆಸರು. ನಾನು ಯಾವ ಪಕ್ಷದ ಪರವಾಗಿಯೂ ಮಾತಾಡ್ತಾ ಇಲ್ಲ. ಒಬ್ಬ ಮನುಷ್ಯ ಏರಿದ್ದು, ಬಿದ್ದದ್ದು, ಅದರಲ್ಲಿ ನಮಗೇನು ಪಾಠ, ಅಷ್ಟೇ ನೋಡೋಣ.

ಅರಸು 1915ರಲ್ಲಿ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದವರು. ಅವರ ಸಮುದಾಯ ಸಂಖ್ಯೆಯಲ್ಲಿ ತೀರಾ ಚಿಕ್ಕದು. ದೊಡ್ಡ ಜಾತಿಗಳ ಬಲ ಇಲ್ಲದೆ ನಮ್ಮಲ್ಲಿ ಮುಖ್ಯಮಂತ್ರಿ ಆಗೋದು ಅಂದರೆ ಆಗ ಊಹಿಸೋಕೂ ಕಷ್ಟ. 1969ರಲ್ಲಿ ಕಾಂಗ್ರೆಸ್ ಒಡೆದಾಗ ರಾಜ್ಯದ ದೊಡ್ಡ ನಾಯಕರು ಒಂದು ಕಡೆ, ಇಂದಿರಾ ಗಾಂಧಿ ಇನ್ನೊಂದು ಕಡೆ. ಅರಸು ಇಂದಿರಾ ಜೊತೆ ನಿಂತರು. 1972ರ ಮಾರ್ಚ್‌ನಲ್ಲಿ ಮುಖ್ಯಮಂತ್ರಿ ಆದರು.

ಆಮೇಲೆ ಮಾಡಿದ ಕೆಲಸ ಸಣ್ಣದಲ್ಲ. ಹಿಂದುಳಿದ ವರ್ಗಗಳ ಸ್ಥಿತಿ ತಿಳಿಯೋಕೆ ಹಾವನೂರು ಆಯೋಗ ನೇಮಕ ಆಯ್ತು, 1975ರಲ್ಲಿ ಅದು ವರದಿ ಕೊಟ್ಟಿತು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಎಲ್ಲಕ್ಕಿಂತ ದೊಡ್ಡದು 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ. ಉಳುವವನೇ ಹೊಲದೊಡೆಯ ಅನ್ನೋ ಮಾತು ಕೇಳಿರ್ತೀರಿ.

ಸಿಟಿಯಲ್ಲಿ ಬೆಳೆದವರಿಗೆ ಗೇಣಿ ಅಂದರೆ ಏನು ಅಂತ ಹೇಳಬೇಕು. ಹೊಲ ಇನ್ನೊಬ್ಬರದು, ಬೆವರು ನಿಮ್ಮದು. ಬೆಳೆ ಬಂದಾಗ ಒಡೆಯನ ಪಾಲು ಅಳೆದು ಕೊಡಬೇಕು. ಮಳೆ ಕೈಕೊಟ್ಟರೂ ಕೊಡಬೇಕು. ಅಪ್ಪ ಉತ್ತ, ಅಜ್ಜ ಉತ್ತ, ಆದರೆ ಪಹಣಿಯಲ್ಲಿ ಹೆಸರು ಒಡೆಯನದು. ಹೊಸ ಕಾಯ್ದೆ ಬಂದ ಮೇಲೆ ಗೇಣಿದಾರ ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು ಅಂತಾಯ್ತು. ಅಲ್ಲಿ ವಕೀಲರು ವಾದ ಮಾಡುವ ಹಾಗಿರಲಿಲ್ಲ. ದುಡ್ಡಿದ್ದವನು ಮಾತಿನಲ್ಲಿ ಗೆಲ್ಲಬಾರದು ಅಂತ. ಲಕ್ಷಾಂತರ ಅರ್ಜಿ ಬಂತು. ಎಲ್ಲರಿಗೂ ಭೂಮಿ ಸಿಗಲಿಲ್ಲ, ನಿಜ. ಸಿಕ್ಕವರ ಮನೆ ಮಾತ್ರ ತಲೆಮಾರುಗಟ್ಟಲೆ ಬದಲಾಯಿತು.

ಈಗ ಇಳಿಜಾರು ನೋಡಿ. ತುರ್ತುಪರಿಸ್ಥಿತಿ ಮುಗಿದು 1977ರಲ್ಲಿ ಇಂದಿರಾ ಸೋತರು. ಅವರ ಕಷ್ಟಕಾಲದಲ್ಲಿ ಅರಸು ಜೊತೆಗಿದ್ದರು. 1978ರ ವಿಧಾನಸಭಾ ಚುನಾವಣೆಯಲ್ಲಿ 224ರಲ್ಲಿ 149 ಸೀಟು ಗೆದ್ದರು. ಅದೇ ನವೆಂಬರ್‌ನಲ್ಲಿ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ನಿಂತು ಗೆದ್ದು ಮತ್ತೆ ಲೋಕಸಭೆಗೆ ಹೋದರು. ಒಂದು ವರ್ಷವೂ ಆಗಲಿಲ್ಲ, ಇಬ್ಬರಿಗೂ ಮುರಿಯಿತು. 1979ರ ಜೂನ್‌ನಲ್ಲಿ ಅರಸು ಪಕ್ಷದಿಂದ ಹೊರಗೆ. ಆಗ ಬಹುತೇಕ ಶಾಸಕರು ಅರಸು ಜೊತೆಗೇ ಉಳಿದರು, ಕುರ್ಚಿ ಅಲುಗಲಿಲ್ಲ. 1980ರ ಜನವರಿಯಲ್ಲಿ ಲೋಕಸಭಾ ಚುನಾವಣೆ. ಕರ್ನಾಟಕದ 28 ಸೀಟಿನಲ್ಲಿ 27 ಇಂದಿರಾ ಪಕ್ಷಕ್ಕೆ. ಅರಸು ಪಕ್ಷಕ್ಕೆ ಒಂದೂ ಇಲ್ಲ. ಜೂನ್‌ನಲ್ಲಿ ಜೊತೆಗಿದ್ದ ಶಾಸಕರು ಒಬ್ಬೊಬ್ಬರಾಗಿ ಆ ಕಡೆ ದಾಟಿದರು. ಅರಸು ರಾಜೀನಾಮೆ ಕೊಟ್ಟರು. ಜನವರಿ 12ಕ್ಕೆ ಗುಂಡೂರಾವ್ ಮುಖ್ಯಮಂತ್ರಿ. 1982ರ ಜೂನ್‌ನಲ್ಲಿ ಅರಸು ತೀರಿಕೊಂಡರು.

ಪ್ರಿಯರೇ, ಶಾಸಕರ ವಿಷಯ ಬಿಡಿ, ಅಧಿಕಾರ ಇದ್ದ ಕಡೆ ಹೋಗೋರು ಎಲ್ಲ ಕಾಲದಲ್ಲೂ ಇದ್ದಾರೆ. ನನ್ನನ್ನು ತಡೆದು ನಿಲ್ಲಿಸೋದು ಆ 27 ಅನ್ನೋ ಸಂಖ್ಯೆ. ಭೂಮಿ ಪಡೆದ ಗೇಣಿದಾರರಲ್ಲಿ ಎಷ್ಟೋ ಜನ ಅರಸು ವಿರುದ್ಧ ವೋಟು ಹಾಕದೆ ಅಂಥ ಫಲಿತಾಂಶ ಬರೋದಕ್ಕೆ ಸಾಧ್ಯ ಇಲ್ಲ. ಕೇಳಿದ ತಕ್ಷಣ ನಮ್ಮ ಬಾಯಿಗೆ ಬರೋ ಮಾತು: ಉಂಡ ಮನೆಗೆ ದ್ರೋಹ!

ನಿಧಾನ. ಸ್ವಲ್ಪ ಯೋಚನೆ ಮಾಡೋಣ.

ಆ ಹೊಲ ಉಳುವವನ ಹಕ್ಕು ಅಂತ ತಾನೇ ಕಾಯ್ದೆ ಹೇಳಿದ್ದು? ಹಕ್ಕು ಆದರೆ ಅದು ಋಣ ಅಲ್ಲ. ಹಕ್ಕನ್ನು ಕೊಟ್ಟು, ಇನ್ಮೇಲೆ ಪ್ರತಿ ಚುನಾವಣೆಗೂ ನಿನ್ನ ವೋಟು ನನಗೇ ಬರಬೇಕು ಅಂದರೆ ಏನಾಯ್ತು? ಬತ್ತದ ಬದಲು ವೋಟಿನಲ್ಲಿ ಗೇಣಿ ಕೊಡಬೇಕು ಅಂತಾಯ್ತು. ಒಡೆಯ ಬದಲಾದ, ಗೇಣಿ ಹೋಗಲಿಲ್ಲ. ಆ ರೈತ ಯಾರ ಭಯವೂ ಇಲ್ಲದೆ, ತನಗೆ ಭೂಮಿ ಕೊಡಿಸಿದ ಮನುಷ್ಯನ ವಿರುದ್ಧವೇ ವೋಟು ಹಾಕೋ ಸ್ಥಿತಿಗೆ ಬಂದ ಅಂದರೆ ಕಾಯ್ದೆ ಸೋತಿಲ್ಲ, ಗೆದ್ದಿದೆ. ಅರಸು ಬಿದ್ದರು, ಪಹಣಿಯಲ್ಲಿದ್ದ ಹೆಸರು ಬೀಳಲಿಲ್ಲ.

ಹಾಗಾದರೆ ಕೃತಜ್ಞತೆ ಬೇಡವಾ ಪಾಸ್ಟರ್ ಅಂತ ಕೇಳ್ತೀರಿ. ಬೇಕು. ಕೃತಜ್ಞತೆ ಇಲ್ಲದವನ ಹೃದಯ ಒಣಗುತ್ತೆ. ಆದರೆ ಅದು ಪಡೆದವನು ಮನಸ್ಸಾರೆ ಕೊಡಬೇಕಾದ್ದು, ಕೊಟ್ಟವನು ವಸೂಲಿ ಮಾಡಬೇಕಾದ್ದಲ್ಲ. ಇಂದಿರಾ ಮತ್ತು ಅರಸು ಮುರಿದುಕೊಂಡದ್ದನ್ನು ನೋಡಿ. ಅಧಿಕಾರದ ಲೆಕ್ಕ ಬೇರೆ ಬೇಕಾದಷ್ಟಿತ್ತು. ಆದರೆ ನನ್ನ ಕಣ್ಣಿಗೆ ಅಲ್ಲಿ ಎರಡು ಸಾಲದ ಪುಸ್ತಕ ಕಾಣುತ್ತೆ. ಒಂದರಲ್ಲಿ 1972ರ ಲೆಕ್ಕ, ಇನ್ನೊಂದರಲ್ಲಿ 1978ರ ಲೆಕ್ಕ. ಇಬ್ಬರೂ ಒಬ್ಬರಿಗೊಬ್ಬರು ದೊಡ್ಡ ಉಪಕಾರ ಮಾಡಿದ್ದರು. ಉಪಕಾರ ಸಾಲ ಆದ ದಿನ ಸಂಬಂಧ ಸಾಯುತ್ತೆ.

ಇನ್ನೊಂದು ಮುಖವನ್ನು ಮುಚ್ಚಿಡೋದು ಸರಿಯಲ್ಲ. ತುರ್ತುಪರಿಸ್ಥಿತಿಯಲ್ಲಿ ಅರಸು ಮುಖ್ಯಮಂತ್ರಿ. ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿ, ಹೊರಗೆ ಬಂದ ಕೆಲವೇ ದಿನಕ್ಕೆ 1977ರ ಜನವರಿಯಲ್ಲಿ ತೀರಿಕೊಂಡರು. ಭ್ರಷ್ಟಾಚಾರದ ಆರೋಪಗಳ ತನಿಖೆಗೆ ಗ್ರೋವರ್ ಆಯೋಗ ಬಂತು, ಕೆಲವು ಆರೋಪಗಳಲ್ಲಿ ಅವರನ್ನು ತಪ್ಪಿತಸ್ಥರು ಅಂತ ಹೇಳಿತು. ಬಡವರಿಗೆ ಇಷ್ಟು ಮಾಡಿದ್ದಾರಲ್ಲ, ಅದನ್ನೆಲ್ಲ ಬಿಟ್ಟುಬಿಡಿ ಅನ್ನೋರು ಇವತ್ತಿಗೂ ಇದ್ದಾರೆ. ಇಲ್ಲ. ಭೂಮಿ ಪಡೆದವನ ಸಂತೋಷ ಜೈಲಿನಲ್ಲಿದ್ದವರ ಉಸಿರಿಗೆ ಬೆಲೆ ಆಗೋದಿಲ್ಲ. ಒಳ್ಳೇದನ್ನು ಅಡ ಇಟ್ಟು ಕ್ಷಮೆ ತರೋಕಾಗಲ್ಲ. ಅದೂ ಒಂಥರಾ ಗೇಣಿನೇ. ನಮ್ಮ ಸತ್ಕ್ರಿಯೆಗಳನ್ನು ತೋರಿಸಿ ದೇವರ ಹತ್ತಿರ ಬಿಲ್ ಪಾಸ್ ಮಾಡಿಸೋಕೆ ಆಗಲ್ಲ ಅಂತ ತಾನೇ ನಾವು ನಂಬೋದು? ಕ್ಷಮೆ ಕೃಪೆಯಿಂದ. ತಪ್ಪು ತಪ್ಪಾಗಿಯೇ ಒಪ್ಪಿಕೊಂಡು ಬಂದವನಿಗೆ.

ಯೌವನಸ್ಥರೇ, ಈಗ ನಮ್ಮ ಜೀವನಕ್ಕೆ ಬರೋಣ. ನಮ್ಮ ಸಭೆಗಳಲ್ಲಿ ಪ್ರಮೋಷನ್ ಆದವರು ಮೈಕ್ ಹಿಡಿದು ಸಾಕ್ಷಿ ಹೇಳ್ತಾರೆ, ನಾವು ಚಪ್ಪಾಳೆ ತಟ್ತೀವಿ. ಲೇಆಫ್ ಆದವರು ಹಿಂದಿನ ಸಾಲಿನಲ್ಲಿ ಕೂತು, ಆರಾಧನೆ ಮುಗಿಯೋ ಮುಂಚೆಯೇ ಎದ್ದು ಹೋಗ್ತಾರೆ. ಏರಿದ್ದೇ ಆಶೀರ್ವಾದ ಅಂತ ಕಲಿಸಿದರೆ, ಬಿದ್ದದ್ದು ಶಾಪ ಅಂತ ಯಾರೂ ಹೇಳದೇ ಇದ್ದರೂ ಅವರು ಹಾಗೇ ಕೇಳಿಸಿಕೊಳ್ತಾರೆ. ಪ್ರಸಂಗಿಯ ಆ ಬಡವ ಶಾಪಗ್ರಸ್ತನಲ್ಲ. ಜನ ಮರೆತರು, ಆದರೆ ಊರು ಉಳಿಯಿತು. ಅವನ ಕಥೆ ದೇವರ ವಾಕ್ಯದಲ್ಲಿದೆ.

ನೀನು ಕೆಲಸ ಕಲಿಸಿದ ಜೂನಿಯರ್ ಇವತ್ತು ನಿನ್ನ ಮ್ಯಾನೇಜರ್ ಆಗಿರಬಹುದು. ನೀನು ಫೀಸ್ ಕಟ್ಟಿ ಓದಿಸಿದ ತಮ್ಮ ಫೋನ್ ಎತ್ತದೇ ಇರಬಹುದು. ನೋವು ಆಗುತ್ತೆ, ಆಗಲಿ, ಅದನ್ನು ಕರ್ತನ ಹತ್ತಿರ ಅಳು. ಆದರೆ ಎರಡು ವಿಷಯ ನಿನ್ನನ್ನು ನೀನೇ ಕೇಳಿಕೋ. ನಾನು ಮಾಡಿದ್ದು ನನ್ನ ಸ್ಥಾನ ಹೋದ ಮೇಲೂ ಅವರ ಕೈಯಲ್ಲಿ ಉಳಿಯುತ್ತಾ? ನನಗೆ ಬೇಡ ಅನ್ನೋಷ್ಟು ಸ್ವಾತಂತ್ರ್ಯ ಅವರಿಗೆ ಇದೆಯಾ? ಎರಡಕ್ಕೂ ಹೌದು ಅಂದರೆ ನೀನು ಕೊಟ್ಟಿದ್ದು ನಿಜವಾಗಿ ಕೊಟ್ಟಿದ್ದು. ಇಲ್ಲ ಅಂದರೆ ಅದು ಇನ್ನೂ ಗೇಣಿಗೇ ಇದೆ.

ಈ ವಾರ ಒಬ್ಬರ ಹೆಸರು ನೆನಪು ಮಾಡಿಕೊಳ್ಳಿ. ನಾನು ಅವರಿಗೆ ಅಷ್ಟು ಮಾಡಿದೆ, ಅವರು ನನಗೆ ಏನು ಮಾಡಿದರು ಅಂತ ಮನಸ್ಸಿನಲ್ಲಿ ಲೆಕ್ಕ ಇಟ್ಟಿರೋ ಆ ಒಂದು ಹೆಸರು. ಆ ಪುಸ್ತಕವನ್ನು ದೇವರ ಮುಂದೆ ಮುಚ್ಚಿ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ. ಆಮೆನ್.