ಹಬ್ಬದ ನಾಲ್ಕನೆಯ ದಿನ

ಕ್ರಿಸ್‌ಮಸ್ ಮುಗಿದ ಮೇಲೂ ವಿಜಯಪುರದ ಕ್ರೈಸ್ತ ಮನೆಗಳ ಬಾಗಿಲಿನ ನಕ್ಷತ್ರದೀಪ ಇನ್ನೂ ಇಳಿದಿರುವುದಿಲ್ಲ. ಗೋದಲಿಯ ಹುಲ್ಲಿನ ಮೇಲೆ ಬಾಲಯೇಸು ಮಲಗಿರುತ್ತಾನೆ. ಕೇಕು, ಕರಚಿಕಾಯಿ, ಶಂಕರಪಾಳಿ ತುಂಬಿದ ತಟ್ಟೆಗಳು ನೆರೆಮನೆಗಳಿಗೆ ಹೋಗುತ್ತಿರುತ್ತವೆ. ಈ ಸಂಭ್ರಮದ ನಟ್ಟನಡುವೆ, ಡಿಸೆಂಬರ್ 28ರಂದು, ಚರ್ಚಿನ ಪಂಚಾಂಗ ಒಂದು ಸಾವಿನ ಸ್ಮರಣೆಯನ್ನು ಇಟ್ಟಿದೆ. ಹಬ್ಬದ ತಟ್ಟೆ ಪಡೆದ ನಮ್ಮಲ್ಲಿ ಎಷ್ಟೋ ಜನರಿಗೆ ಅದು ತಿಳಿದಿರುವುದಿಲ್ಲ.

ಆ ಕತೆ ಮತ್ತಾಯನ ಸುವಾರ್ತೆಯ 2ನೇ ಅಧ್ಯಾಯದಲ್ಲಿದೆ. ಅರಸನಾಗುವ ಮಗು ಹುಟ್ಟಿದೆಯೆಂದು ಕೇಳಿ ದೊರೆ ಹೆರೋದ ಬೆಚ್ಚಿದ. ಯಾವ ಮಗುವೆಂದು ತಿಳಿಯದೆ, ಬೇತ್ಲೆಹೇಮಿನಲ್ಲಿ, ಅದರ ಸುತ್ತಮುತ್ತ ಎರಡು ವರ್ಷದೊಳಗಿದ್ದ ಗಂಡುಕೂಸುಗಳನ್ನೆಲ್ಲ ಕೊಲ್ಲಿಸಿದ. ಅಷ್ಟರಲ್ಲಿ ಯೋಸೇಫ ಮತ್ತು ಮರಿಯ ತಮ್ಮ ಕೂಸನ್ನೆತ್ತಿಕೊಂಡು ರಾತ್ರೋರಾತ್ರಿ ಈಜಿಪ್ಟಿನ ದಾರಿ ಹಿಡಿದಿದ್ದರು. ಕಂಸನ ಕತೆ ಕೇಳಿ ಬೆಳೆದ ನಮಗೆ ಇದು ಅಪರಿಚಿತವಲ್ಲ. ಆದರೆ ಸತ್ತ ಕೂಸುಗಳು ಎಷ್ಟೆಂದು ಸುವಾರ್ತೆ ಹೇಳುವುದಿಲ್ಲ. ಒಂದರ ಹೆಸರೂ ಅಲ್ಲಿಲ್ಲ. ಹೆಸರಿಲ್ಲದ ಆ ಕೂಸುಗಳಿಗೂ ವರ್ಷದಲ್ಲಿ ಒಂದು ದಿನ ಬೇಕು ಎಂದು ಹಿಂದಿನವರಿಗೆ ಅನಿಸಿತಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು. ಆ ದಿನವನ್ನು ಉಪವಾಸ, ಪಶ್ಚಾತ್ತಾಪಗಳ ಕಾಲಕ್ಕೆ ಮುಂದೂಡದೆ ಹಬ್ಬದ ನಾಲ್ಕನೆಯ ದಿನಕ್ಕೇ ಇಟ್ಟರು. ಕ್ಯಾಥೊಲಿಕ್ ಪಾದ್ರಿಗಳು ಅಂದು ರಕ್ತಸಾಕ್ಷಿಗಳ ಕೆಂಪು ಉಡುಪು ತೊಡುತ್ತಾರೆ. ಹಿಂದಿನ ಕಾಲದಲ್ಲಿ ಅದು ನೇರಳೆಯಾಗಿತ್ತು. ಭಾನುವಾರ ಬಿದ್ದಾಗಿನ ಹೊರತು ಅಂದಿನ ಪೂಜೆಯಲ್ಲಿ ಮಹಿಮೆಯ ಹಾಡನ್ನೇ ಬಿಡುತ್ತಿದ್ದರು.

ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಆ ಬೇತ್ಲೆಹೇಮಿನ ತಾಯಂದಿರ ಬಾಯಲ್ಲಿಟ್ಟ ಒಂದು ಜೋಗುಳವಿದೆ, 16ನೇ ಶತಮಾನದಿಂದ ಬಂದದ್ದು. 1940ರ ನವೆಂಬರ್ 14ರ ರಾತ್ರಿ ಬಾಂಬುಗಳು ಬಿದ್ದು ಆ ಊರಿನ ಕ್ಯಾಥೆಡ್ರಲ್ ಸುಟ್ಟುಹೋಯಿತು. ಆ ವರ್ಷದ ಕ್ರಿಸ್‌ಮಸ್ಸಿಗೆ ಮುರಿದ ಗೋಡೆಗಳ ನಡುವೆ ನಿಂತು ಅಲ್ಲಿನವರು ಹಾಡಿದ್ದು ಅದೇ ಜೋಗುಳ. ನಮ್ಮ ಸೀಮೆಗೂ ಇಂಥ ಹಾಡು ಹೊಸದಲ್ಲ. ಮೊಹರಂ ಬಂತೆಂದರೆ ಅಲಾಯಿ ಕುಣಿಯ ಸುತ್ತ ಹೆಜ್ಜೆಮೇಳ ಕೂಡುತ್ತದೆ, ರಿವಾಯತ್ ಪದಗಳು ಏಳುತ್ತವೆ. ಕ್ರಿ.ಶ. 680ರಲ್ಲಿ ಕರ್ಬಲಾದ ಬಯಲಿನಲ್ಲಿ ಗುಟುಕು ನೀರಿಲ್ಲದೆ, ತಂದೆಯ ಕೈಯಲ್ಲೇ ಬಾಣ ತಾಗಿ ಹೋದ ಆರು ತಿಂಗಳ ಅಲಿ ಅಸ್ಗರನ ದುಃಖವನ್ನು ಹಿಂದೂ ಮನೆಗಳವರೂ ಎದೆ ತುಂಬಿ ಹಾಡುತ್ತಾರೆ. ಯಾರದೋ ಕೂಸಿಗೆ ಅಳುವಾಗ ಜಾತಿ ಕೇಳುವುದಿಲ್ಲ ಈ ಊರುಗಳು.

ಹಾಗೆ ಅತ್ತ ಕಣ್ಣು ಇನ್ನೊಂದು ಕಡೆಗೂ ಹೊರಳಬೇಕು. ಡಿಸೆಂಬರಿನ ಈ ಚಳಿಯಲ್ಲಿ ತಿಕೋಟಾ ಸುತ್ತಿನ ತಾಂಡಾಗಳಲ್ಲಿ ಗುಳೆ ಹೋದವರ ಮನೆಗಳಿಗೆ ಬೀಗ ಬಿದ್ದಿರುತ್ತದೆ. ಅದೇ ಹೊತ್ತಿಗೆ ಬಬಲೇಶ್ವರ ತಾಲ್ಲೂಕಿನ ಕೃಷ್ಣಾ ದಂಡೆಗೆ ಬೇರೆ ಸೀಮೆಯ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿದಿರುತ್ತವೆ. ಹೊಲದ ಬದುವಿನಲ್ಲಿ ತಾಡಪತ್ರಿಯ ಗುಡಿಸಲು. ನಸುಕಿನಲ್ಲೇ ತಾಯಿ ಕೊಯ್ತಾ ಹಿಡಿದು ಪಡಕ್ಕೆ ಇಳಿದಿರುತ್ತಾಳೆ. ಕೂಸು ರವದಿಯ ಮೇಲೆ ಹಾಸಿದ ಹಳೆಯ ಕೌದಿಯಲ್ಲಿ, ಕಾಯಲು ಐದಾರು ವರ್ಷದ ಅಕ್ಕ. ಅಲ್ಲೇ ಹಿಂದೆ ಮುಂದೆ ಕಬ್ಬಿನ ಟ್ರ್ಯಾಕ್ಟರು ತಿರುಗುತ್ತಿರುತ್ತದೆ. ಊರು ಬಿಟ್ಟು ಹೊರಟ ಬಡ ದಂಪತಿಗಳನ್ನೂ ಅವರ ಕಂಕುಳಿನ ಕೂಸನ್ನೂ ಗೋದಲಿಯಲ್ಲೇ ಹುಡುಕಬೇಕಾಗಿಲ್ಲ.

ಎಳ್ಳಮಾವಾಸ್ಯೆಯೂ ಈ ದಿನಗಳ ಆಸುಪಾಸಿನಲ್ಲೇ ಬರುತ್ತದೆ. ಚರಗ ಚೆಲ್ಲಲು ಸಜ್ಜೆರೊಟ್ಟಿ, ಕಡುಬಿನ ಬುತ್ತಿ ಕಟ್ಟುವ ನಾವು, ಬದುವಿನ ಆ ಗುಡಿಸಲಿಗೂ ಒಂದು ಗಂಟು ಕಟ್ಟಬಹುದು. ನಮ್ಮ ಮಕ್ಕಳಿಗೆ ಗಿಡ್ಡಾದ ಸ್ವೆಟರು, ಕುಲಾಯಿ ಯಾವ ಮನೆಯಲ್ಲಿಲ್ಲ? ಕೊಟ್ಟು ಬರುವಾಗ ಕೂಸಿಗೆ ಲಸಿಕೆ ಹಾಕಿಸಿದ್ದೀರಾ ಎಂದು ಒಂದು ಮಾತು ಕೇಳಬೇಕು. ಇಲ್ಲವೆಂದರೆ ಊರಿನ ಆಶಾ ಕಾರ್ಯಕರ್ತೆಗೆ ಆ ಗುಡಿಸಲು ಯಾರ ಹೊಲದಲ್ಲಿದೆ ಎಂದು ತಿಳಿಸಬೇಕು. ಒಂದು ಪಡ ಮುಗಿಯಿತೆಂದರೆ ಗ್ಯಾಂಗು ಮುಂದಿನ ಊರಿಗೆ ಹೊರಟುಬಿಡುತ್ತದೆ. ಈ ವಾರವೇ ಹೋಗಿಬರುವುದು ಒಳ್ಳೆಯದು.